ಸಣ್ಣ ದಪ್ಪ ಎನ್ನಬಾರದ ಮನೆ

ನಮ್ಮ ಕಡೆಯವರಿಗೆ ಮನುಷ್ಯರನ್ನು ಕಂಡ ಕೂಡಲೇ ಕಣ್ಣಲ್ಲೇ ತೂಗಿ ನೋಡದಿದ್ದರೆ ಸಮಾಧಾನವಿಲ್ಲ. ಬೇರೆ ಊರುಗಳಲ್ಲಿ "ಚೆನ್ನಾಗಿದ್ದೀರಾ" ಎಂದು ಕೇಳಿ ಉತ್ತರಕ್ಕೆ ಕಾಯುತ್ತಾರಂತೆ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಆ ಪದ್ಧತಿಯಿಲ್ಲ. "ಏನ್ರೀ, ಇಷ್ಟೊಂದು ಇಳಿದುಹೋಗಿದ್ದೀರಿ, ಶುಗರ್ರಾ?" ಎಂದೋ, "ಏನ್ ಸಾ, ವಟ್ಟೆ ನಿಮಗಿಂತ ಮುಂಚೆ ಬಸ್ ಅತ್ತುತ್ತಲ್ಲ!" ಎಂದೋ ಮಾತು ಶುರುವಾಗುತ್ತದೆ. ಇಳಿದರೆ ಕಾಯಿಲೆ, ಏರಿದರೆ ಲಂಚ. ಇವೆರಡರ ಮಧ್ಯೆ ನಿಲ್ಲಲು ಜಾಗವಿಲ್ಲ. ನನ್ನ ವಿಷಯದಲ್ಲಿ ಮಾತ್ರ ಯಾರಿಗೂ ಅನುಮಾನ ಬಂದದ್ದಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಗೋಡೆಗೆ ನೇತುಹಾಕಿದ ಸಮತೋಲನ ಆಹಾರದ ಪಟದ ಪಕ್ಕದಲ್ಲಿ ನಾನು ನಿಂತರೆ ಹಿಂದಿನ ಬೆಂಚಿನ ಹುಡುಗರಿಗೆ ಹಾಲು, ಮೊಟ್ಟೆ, ಅರ್ಧ ಬಾಳೆಹಣ್ಣು ಕಾಣುವುದಿಲ್ಲ. ಪಟದಲ್ಲಿರುವುದನ್ನೆಲ್ಲ ಮೇಷ್ಟ್ರೇ ತಿಂದಿದ್ದಾರೆ ಎಂದು ಅವರು ತೀರ್ಮಾನಿಸಿದ್ದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ.

ಇಂಥ ನಾನು ಉಪವಾಸದ ಮನೆಯಲ್ಲಿ ಹುಟ್ಟಿದವನು ಎಂದರೆ ನೀವು ನಂಬಬೇಕು. ದೇವಸ್ಥಾನದ ಬೀದಿಯ ನಮ್ಮ ಮನೆಯಲ್ಲಿ ಅಮ್ಮನದು ಕಟ್ಟುನಿಟ್ಟಿನ ಕಾರುಬಾರು. ಏಕಾದಶಿಯ ದಿನ ಅಕ್ಕಿಯ ಡಬ್ಬದ ಮುಚ್ಚಳ ತೆಗೆಯುವಂತಿಲ್ಲ. ಹಾಗೆಂದು ಯಾರೂ ಮರುಗಬೇಕಾಗಿಲ್ಲ. ಅನ್ನ ಬಿಟ್ಟರೆ ಮುಗಿಯಿತು, ಉಳಿದದ್ದೆಲ್ಲ ಫಲಾಹಾರವೇ. ಬೆಳಿಗ್ಗೆ ಗೋಧಿರವೆ ಉಪ್ಪಿಟ್ಟು, ಮಧ್ಯಾಹ್ನ ಸಬ್ಬಕ್ಕಿ ಪಾಯಸ, ಸಂಜೆಗೆ ಒಗ್ಗರಣೆ ಅವಲಕ್ಕಿ. ಭತ್ತವನ್ನು ಹುರಿದು ಕುಟ್ಟಿ ಚಪ್ಪಟೆ ಮಾಡಿದ ಮೇಲೆ ಅದಕ್ಕೂ ಅನ್ನಕ್ಕೂ ಸಂಬಂಧವಿಲ್ಲವೆಂದು ನಮ್ಮ ಹಿರಿಯರು ಕಂಡುಕೊಂಡಿದ್ದಾರೆ. ವಿಜ್ಞಾನದ ಮೇಷ್ಟ್ರಾಗಿಯೂ ನಾನು ಆ ಸಿದ್ಧಾಂತವನ್ನು ಎಂದೂ ಪ್ರಶ್ನಿಸಿದವನಲ್ಲ. ಏಕಾದಶಿಯ ಮಾರನೆಯ ದಿನ ನನ್ನ ಪ್ಯಾಂಟು ಇನ್ನಷ್ಟು ಬಿಗಿಯಾಗಿರುತ್ತಿತ್ತು.

ಹೀಗಿರುವಾಗ ನಮ್ಮ ಒಬ್ಬಳೇ ಮಗಳು ಶೈಲಾ ನಿಜವಾದ ಉಪವಾಸ ಹಿಡಿದಳು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅವಳು ಆಗ ಪಿಯುಸಿ ಓದಲು ದಿನಾ ಹಾಸನಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಚನ್ನರಾಯಪಟ್ಟಣದಲ್ಲಿ ನಮ್ಮ ಸೋದರತ್ತೆಯ ಮೊಮ್ಮಗಳ ಮದುವೆಗೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಯಾರೋ ಒಬ್ಬರು, "ಶೈಲಾ, ನಿನ್ನ ನೋಡಿದ್ರೆ ಅಪ್ಪನ ಮಗಳು ಅಂತ ಹೇಳೋದೇ ಬೇಡ ಬಿಡು" ಎಂದರು. ಪಂಕ್ತಿ ಪೂರ್ತಿ ನಕ್ಕಿತು. ಇಂಥ ಮಾತು ಹೋಳಿಗೆಗೆ ತುಪ್ಪವಿದ್ದ ಹಾಗೆ, ಅದಿಲ್ಲದೆ ನಮ್ಮಲ್ಲಿ ಮದುವೆ ಆಗುವುದಿಲ್ಲ. ಶೈಲಾ ಕೂಡ ನಕ್ಕಳು. ಊರಿಗೆ ಬಂದ ಮೇಲೆ ಸೋಮವಾರ ಒಪ್ಪತ್ತು ಮಾಡುತ್ತೇನೆ ಎಂದಳು. ಸ್ವಲ್ಪ ದಿನಕ್ಕೆ ಗುರುವಾರ ಸೇರಿತು, ಆಮೇಲೆ ಶನಿವಾರ, ಸಂಕಷ್ಟಿ. ಏಕಾದಶಿಯಂದು ಉಪ್ಪಿಟ್ಟೂ ಬೇಡ, ಬರೀ ನೀರು.

ಬೇರೆ ಮನೆಯಾಗಿದ್ದರೆ ಗಾಬರಿಯಾಗುತ್ತಿದ್ದರೋ ಏನೋ. ನಮ್ಮ ಮನೆಯಲ್ಲಿ ಸಂಭ್ರಮವಾಯಿತು. ಅಮ್ಮ ನರಸಿಂಹಸ್ವಾಮಿ ದೇವಸ್ಥಾನದ ಪ್ರಾಕಾರದಲ್ಲಿ ಕೂತು, "ಈಗಿನ ಕಾಲದ ಹುಡುಗಿ, ಒಂದು ಹನಿ ಕಾಫಿ ಮುಟ್ಟಲ್ಲ ನೋಡಿ" ಎಂದು ಕಂಡಕಂಡವರಿಗೆ ಹೇಳಿದರು. ಬೀದಿಯ ಹೆಂಗಸರು ತಮ್ಮ ಹೆಣ್ಣುಮಕ್ಕಳನ್ನು ಕರೆತಂದು, "ಶೈಲಕ್ಕನ್ನ ನೋಡಿ ಕಲ್ತುಕೋ" ಎಂದರು. ಅವಳ ಮುಖದಲ್ಲಿ ಕಳೆ ಬಂದಿದೆ ಎಂದೂ ಒಬ್ಬರು ಅಂದರು. ಇಷ್ಟಾಗಿಯೂ ಅವಳು ಅಡಿಗೆಮನೆ ಬಿಡಲಿಲ್ಲ. ಪುಸ್ತಕ ನೋಡಿ ಹೊಸಹೊಸ ತಿಂಡಿ ಮಾಡಿ ಎಲ್ಲರಿಗೂ ಬಡಿಸುವಳು, ತಾನು ಮಾತ್ರ ಮುಟ್ಟುವುದಿಲ್ಲ. ಅವಳ ಪಾಲಿನದೆಲ್ಲ ನನ್ನ ತಟ್ಟೆಗೆ. ಮಗಳಿಗೆ ಅಪ್ಪನ ಮೇಲೆ ಎಷ್ಟು ಪ್ರೀತಿ ಎಂದು ನಾನು ಬೋಂಡಾ ತಿನ್ನುತ್ತಾ ಹಿಗ್ಗುತ್ತಿದ್ದೆ. ಹಿಗ್ಗಿದ್ದು ಮನಸ್ಸು ಮಾತ್ರವಲ್ಲ.

ನನ್ನ ಹೆಂಡತಿ ರತ್ನನಿಗೆ ಮೊದಲು ಹೆದರಿಕೆಯಾಯಿತು. ಬಾಚಣಿಗೆಯ ತುಂಬ ಕೂದಲು. ಮೇ ತಿಂಗಳ ಬಿಸಿಲಿನಲ್ಲಿ ಸ್ವೆಟರು. ತಿಂಗಳಿನದು ನಿಂತುಹೋಗಿತ್ತು. ಒಂದು ದಿನ ಹಾಸನದ ಬಸ್ಸಿನಲ್ಲೇ ಹುಡುಗಿ ತಲೆಸುತ್ತಿ ಬಿದ್ದಳು. ಅಮ್ಮ, ರತ್ನ, ನಾನು ಮೂವರೂ ಅವಳನ್ನು ಕರೆದುಕೊಂಡು ಹಾಸನದ ಲೇಡಿ ಡಾಕ್ಟರ ಬಳಿ ಹೋದೆವು. ಅವರು ನಾಡಿ ನೋಡಿ, ಕಣ್ಣು ನೋಡಿ, "ಊಟ ಬಿಟ್ಟು ಎಷ್ಟು ಕಾಲ ಆಯ್ತು?" ಎಂದರು.

"ಊಟ ಬಿಟ್ಟಿಲ್ಲ ಡಾಕ್ಟ್ರೇ, ಉಪವಾಸ ಮಾಡ್ತಾಳೆ. ಭಾಳ ಭಕ್ತಿ" ಎಂದು ಅಮ್ಮ ತಿದ್ದಿದರು.

"ಯಾವ ದೇವರಿಗೆ ಅಜ್ಜಿ?"

ಅಮ್ಮನಿಗೆ ಇದು ಬಲು ಇಷ್ಟದ ಪ್ರಶ್ನೆ. ಸೋಮವಾರ ಈಶ್ವರ, ಗುರುವಾರ ರಾಯರು, ಶನಿವಾರ ಆಂಜನೇಯ ಎಂದು ಶುರುಮಾಡಿದರು. ಡಾಕ್ಟರು ಅಷ್ಟನ್ನೂ ಕೇಳಿಸಿಕೊಂಡು ಶೈಲಾಳ ಕಡೆ ತಿರುಗಿ, "ನೀನು ಹೇಳಮ್ಮ, ಯಾವ ದೇವರಿಗೆ?" ಎಂದರು. ಹುಡುಗಿ ಸ್ವೆಟರಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ಯಾವ ದೇವರಿಗೂ ಅಲ್ಲ. ತಿಂದ್ರೆ ಭಯ ಆಗತ್ತೆ" ಎಂದು ಅತ್ತುಬಿಟ್ಟಳು.

ಇದಕ್ಕೆ ಹೆಸರಿದೆ, ಅನೊರೆಕ್ಸಿಯಾ ಅನ್ನುತ್ತಾರೆ ಎಂದರು ಡಾಕ್ಟರು. ಹಟವೂ ಅಲ್ಲ, ಶೋಕಿಯೂ ಅಲ್ಲ, ಕಾಯಿಲೆ. ಬಿಟ್ಟರೆ ಜೀವಕ್ಕೇ ಅಪಾಯ, ಹಿಡಿದರೆ ವಾಸಿಯಾಗುತ್ತದೆ, ಆದರೆ ನಿಧಾನ ಎಂದರು. ಮದುವೆಮನೆಯ ಮಾತಿನಿಂದಲೇ ಬಂತೇ ಎಂದು ರತ್ನ ಕೇಳಿದಳು. "ಒಂದು ಮಾತಿಂದ ಬರೋದಲ್ಲಮ್ಮ, ಒಳಗೆ ಬೇರೆ ಬೇರೆ ಕಾರಣ ಇರತ್ತೆ. ಆದ್ರೆ ಅಂಥ ಮಾತು ಉರಿಯೋ ಒಲೆಗೆ ಸೌದೆ" ಎಂದು ಹೇಳಿ, ಮೈ ನೋಡಿಕೊಳ್ಳಲು ತಾವು, ಮನಸ್ಸು ನೋಡಿಕೊಳ್ಳಲು ಇನ್ನೊಬ್ಬ ಡಾಕ್ಟರು ಎಂದು ಚೀಟಿ ಬರೆದುಕೊಟ್ಟರು. ಹೊರಗೆ ಬಂದ ಮೇಲೆ ಅಮ್ಮ, "ಮನಸ್ಸಿನ ಡಾಕ್ಟರಾ? ನಮ್ಮ ವಂಶದಲ್ಲಿ ಯಾರಿಗೂ ಮನಸ್ಸಿನ ತೊಂದರೆ ಇರಲಿಲ್ಲವಲ್ಲೋ" ಎಂದರು. ರತ್ನ ನನ್ನ ಕಡೆ ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದವಳ ಹಾಗೆ ಕಾಣುತ್ತಿದ್ದಳು, ನಮ್ಮ ಮದುವೆಯಾಗಿ ಆಗಿನ್ನೂ ಇಪ್ಪತ್ತೇ ಆಗಿತ್ತು.

ಔಷಧಿಗಿಂತ ಕಷ್ಟವಾದದ್ದು ಪಥ್ಯ. ಪಥ್ಯ ಅವಳಿಗಲ್ಲ, ನಮಗೆ. ಆ ಮನಸ್ಸಿನ ಡಾಕ್ಟರು ನಮ್ಮನ್ನು ಸಾಲಾಗಿ ಕೂರಿಸಿಕೊಂಡು ಹೇಳಿದರು: ಮನೆಯಲ್ಲಿ ಯಾರೂ ಯಾರ ಮೈಯನ್ನೂ ಸಣ್ಣ, ದಪ್ಪ ಎನ್ನಬಾರದು, ತಮ್ಮದನ್ನು ಕೂಡ. ಅವಳಿಗೆ ಹೊತ್ತುಹೊತ್ತಿಗೆ ಊಟವಾಗಬೇಕು, ಯಾವ ಉಪವಾಸವೂ ಇಲ್ಲ. ಅವಳೊಬ್ಬಳನ್ನೇ ಊಟಕ್ಕೆ ಬಿಡಬಾರದು. ತಟ್ಟೆಯನ್ನೇ ನೋಡುತ್ತಾ ಕೂರಬಾರದು, ತಿಂದರೆ ಹೊಗಳಬಾರದು, ಬಿಟ್ಟರೆ ಬೈಯಬಾರದು. ನಾನು ಧಾರಾಳವಾಗಿ ತಲೆಯಾಡಿಸಿ ಬಂದೆ. ಸಂಜೆ ಊಟಕ್ಕೆ ಕೂತಾಗ ಗೊತ್ತಾಯಿತು, ಇಷ್ಟನ್ನು ತೆಗೆದರೆ ಹಾಸನ ಜಿಲ್ಲೆಯಲ್ಲಿ ಊಟದ ಹೊತ್ತಿಗೆ ಆಡಲು ಮಾತೇ ಉಳಿಯುವುದಿಲ್ಲ. ಸೌಟು ಹಿಡಿದ ಅಮ್ಮನ ಕೈ ಶೈಲಾಳ ತಟ್ಟೆಯ ಮೇಲೆ ನಿಲ್ಲುತ್ತಿತ್ತು, "ಇನ್ನೊಂಚೂರು" ಎಂಬ ಮಾತು ಬಾಯಿಯ ತುದಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು, ಆ ಹುಳಿ ಕೊನೆಗೆ ನನ್ನ ತಟ್ಟೆಗೆ ಬೀಳುತ್ತಿತ್ತು. ತಮ್ಮ ಬಳೆ ಬಿಗಿಯಾದಾಗ, "ನಾನೇನೂ ಆಗಿಲ್ಲಪ್ಪ, ಬಳೆ ಚಿಕ್ಕದಾಗಿದೆ" ಎಂದು ಅಮ್ಮ ಸಮಜಾಯಿಷಿ ಕೊಟ್ಟರು. ನಾವು ಎರಡು ಹೊತ್ತೂ ಹೇಮಾವತಿಯ ನೀರಿನ ಮಟ್ಟದ ಬಗ್ಗೆ ಮಾತಾಡಿದೆವು. ನೀರಾವರಿ ಇಲಾಖೆಯವರಿಗೂ ಅಷ್ಟು ಕಾಳಜಿ ಇದ್ದಿರಲಾರದು.

ಮನೆಯವರನ್ನೇನೋ ತಿದ್ದಬಹುದು, ಬರುವವರನ್ನು? ರಾಮನಾಥಪುರದ ಜವರೇಗೌಡ ನನ್ನ ಹಾಸ್ಟೆಲಿನ ಕಾಲದ ಗೆಳೆಯ. ಹೊಗೆಸೊಪ್ಪು ಬೆಳೆಯುವವನು, ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಮನಸ್ಸು. ಈ ಕಡೆ ಬಂದಾಗಲೆಲ್ಲ ನುಗ್ಗೆಕಾಯಿ ಹೊತ್ತು ಬರುತ್ತಾನೆ. ಅವನನ್ನು ಗೇಟಿನಲ್ಲೇ ತಡೆದು ವಿಷಯವನ್ನೆಲ್ಲ ಹೇಳಿದೆ. ಅವನ ಕಣ್ಣಲ್ಲಿ ನೀರು ಬಂತು. "ಅಯ್ಯೋ ಕೂಸೇ" ಎಂದು ಟವೆಲಿನಲ್ಲಿ ಕಣ್ಣೊರೆಸಿಕೊಂಡು, "ಸರಿ ಕಣ್ಲಾ. ಸಣ್ಣ ಅನ್ಬಾರ್ದು, ದಪ್ಪ ಅನ್ಬಾರ್ದು, ತಿನ್ನು ಅನ್ಬಾರ್ದು. ಮತ್ತಿನ್ನೇನ್ಲಾ ಮಾತಾಡ್ಲಿ?" ಎಂದ.

"ಏನಾದ್ರೂ ಮಾತಾಡೋ. ಹೊಗೆಸೊಪ್ಪಿನ ವಿಷಯ ಮಾತಾಡು."

ಊಟಕ್ಕೆ ಕೂತೆವು. ಶೈಲಾ ಬಂದು ಎದುರಿಗೆ ಕೂತಳು. ಜವರೇಗೌಡ ಅವಳನ್ನು ಎತ್ತಿ ಆಡಿಸಿದವನು, ನೋಡಿದ ಕೂಡಲೇ ಎಲ್ಲ ಮರೆತ. "ಏನವ್ವಾ ಸೈಲಾ, ಇದೇನವ್ವಾ ಇಂಗೆ ಒಣಗ್..." ಎಂದು ಬಾಯಿ ತೆರೆದ. ನಾನು ಜೋರಾಗಿ ಕೆಮ್ಮಿದೆ. ಗೌಡ ಕಣ್ಣು ಅರಳಿಸಿ, ಆ ಮಾತನ್ನು ಅರ್ಧದಲ್ಲೇ ಹಿಡಿದು ತಿರುಗಿಸಿದ: "ಒಣಗೈತೆ ಕಣವ್ವಾ... ವಗೆಸೊಪ್ಪು! ಈ ಸಲ ಏನ್ ಚಂದಾಗ್ ಒಣಗೈತೆ ಅಂತೀಯಾ! ಅರಾಜಲ್ಲಿ ಎಲ್ರೂ ಮುಟ್ಟಿ ಮುಟ್ಟಿ ನೋಡ್ಬುಟ್ರು!" ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಮೊದಲು ಶೈಲಾ ನಕ್ಕಳು. ಬಾಯಿಗೆ ಸೆರಗು ಒತ್ತಿಕೊಂಡು ರತ್ನನೂ ನಕ್ಕಳು, ಅಮ್ಮನೂ ನಕ್ಕರು. "ಗೌಡ್ರ ಮಾವ, ನೀವು ಸುಳ್ಳು ಹೇಳೋದು ಕಲೀಬೇಕು" ಎಂದಳು ಶೈಲಾ. ಎಷ್ಟೋ ತಿಂಗಳಾದ ಮೇಲೆ ನಮ್ಮ ಮನೆಯಲ್ಲಿ ಆ ನಗು ಕೇಳಿಸಿತ್ತು. ನಗುತ್ತಾ ನಗುತ್ತಾ ಅವಳು ಒಂದು ತುತ್ತು ತಿಂದಳು. ನಾವೆಲ್ಲ ಕಷ್ಟಪಟ್ಟು ಗೋಡೆ ನೋಡಿದೆವು.

ಹಾಗೆಂದು ಅಲ್ಲಿಂದ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಒಂದು ವಾರ ಏರಿದರೆ ಇನ್ನೊಂದು ವಾರ ಇಳಿತ, ಹಾಸನಕ್ಕೆ ಓಡಾಟ, ಅಳು, ಬಾಗಿಲು ಹಾಕಿಕೊಂಡು ಕೂರುವುದು, ಎಲ್ಲ ಇದ್ದವು. ನಮಗೆ ಅತಿ ಹೆದರಿಕೆ ಹುಟ್ಟಿಸಿದ್ದು ವೈಕುಂಠ ಏಕಾದಶಿ. ರತ್ನ ಬೇರೆ ಒಲೆಯ ಮೇಲೆ ಶೈಲಾಳಿಗೆ ಮಾತ್ರ ಅನ್ನ ಸಾರು ಮಾಡಿದಳು. ಹುಡುಗಿ ತಟ್ಟೆ ದೂಡಿದಳು. "ಅಜ್ಜಿ ತಿನ್ನಲ್ಲ, ಅಮ್ಮ ತಿನ್ನಲ್ಲ. ಇವತ್ತು ಏಕಾದಶಿ, ನಾನ್ಯಾಕೆ ತಿನ್ಬೇಕು?" ಎಂದಳು. ಮಾತು ಅವಳದಲ್ಲ, ಕಾಯಿಲೆಯದು ಎಂದು ನಮಗೆ ಗೊತ್ತಿತ್ತು. ಆದರೆ ಆ ಕಾಯಿಲೆ ನಮ್ಮ ಮನೆಯ ಶಾಸ್ತ್ರವನ್ನೇ ಹಿಡಿದು ಮಾತಾಡುತ್ತಿತ್ತು. ಇವತ್ತು ಬಿಟ್ಟರೆ ನಾಳೆಯೂ ಬಿಡುತ್ತಾಳೆ.

ಅಮ್ಮ ಆಗ ತಾನೇ ದೇವಸ್ಥಾನದಿಂದ ಬಂದಿದ್ದರು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಕೈಕಾಲು ತೊಳೆದು ಬಂದು, ಒಂದು ತಟ್ಟೆ ತೆಗೆದುಕೊಂಡು ಮೊಮ್ಮಗಳ ಪಕ್ಕ ಕೂತರು. "ರತ್ನ, ನನಗೂ ಅನ್ನ ಬಡಿಸು" ಎಂದರು.

"ಅತ್ತೆ, ಇವತ್ತು..."

"ಗೊತ್ತು, ಬಡಿಸೇ. ಮಗು ಒಬ್ಬಳೇ ಕೂತು ಉಣ್ಣಬಾರದು ಅಂತ ಡಾಕ್ಟ್ರು ಹೇಳಿಲ್ವೇ? ನರಸಿಂಹಸ್ವಾಮಿ ಇಷ್ಟು ವರ್ಷ ನನ್ನನ್ನ ನೋಡಿದ್ದಾನೆ. ಇವತ್ತೊಂದು ದಿನ ಆ ಕಡೆ ತಿರುಗಿಕೊಳ್ಳಲಿ."

ಬುದ್ಧಿ ಬಂದಾಗಿನಿಂದ ಏಕಾದಶಿಯಂದು ಅನ್ನ ಮುಟ್ಟದವರು ಅವರು. ಸಾರನ್ನ ಕಲೆಸಿದರು. "ಅಜ್ಜಿ, ಬೇಡ ಅಜ್ಜಿ" ಎಂದು ಶೈಲಾ ಅತ್ತಳು. ಅಮ್ಮ ಅವಳ ತಟ್ಟೆಯ ಕಡೆ ನೋಡಲಿಲ್ಲ. ತುತ್ತು ಬಾಯಿಗಿಟ್ಟುಕೊಂಡು, "ಸಾರಿಗೆ ಉಪ್ಪು ಒಂದು ಕಲ್ಲು ಕಡಿಮೆ" ಎಂದರು, ಅಷ್ಟೇ. ಸ್ವಲ್ಪ ಹೊತ್ತಿಗೆ ಶೈಲಾ ಕಣ್ಣೊರೆಸಿಕೊಂಡು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ನನ್ನ ಅಮ್ಮನ ಮೇಲೆ ನನಗೆ ಆವತ್ತು ಬಂದಷ್ಟು ಪ್ರೀತಿ ಅದಕ್ಕೆ ಮೊದಲು ಬಂದಿರಲಿಲ್ಲ. ನಾನೂ ಒಂದು ತಟ್ಟೆ ತಂದು ಅವರ ಜೊತೆ ಕೂತು ವ್ರತಭಂಗ ಮಾಡಿಕೊಂಡೆ. ಅಷ್ಟು ಹೊತ್ತಿಗೆ ನನ್ನ ಫಲಾಹಾರ ಎರಡು ಸಲ ಆಗಿತ್ತು ಎಂಬುದನ್ನು ಎತ್ತುವ ಸಂದರ್ಭ ಅದಾಗಿರಲಿಲ್ಲ.

ಆಮೇಲಿನದು ನಿಧಾನವಾಗಿ ಒಳ್ಳೆಯದೇ ಆಯಿತು. ಹಾಸನದ ಓಡಾಟ ವಾರದಿಂದ ತಿಂಗಳಿಗೆ ಬಂತು, ತಿಂಗಳಿನಿಂದ ವರ್ಷಕ್ಕೆ. ಶೈಲಾ ಬಿಎಸ್ಸಿ ಮುಗಿಸಿ ಈಗ ಚನ್ನರಾಯಪಟ್ಟಣದ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಶನಿವಾರ ಊರಿಗೆ ಬರುತ್ತಾಳೆ, ಮನೆಗೆ ಬಂದ ಕೂಡಲೇ ತಿನ್ನಲು ಏನಿದೆ ಎಂದು ಕೇಳುತ್ತಾಳೆ. ಅಮ್ಮ ಮಾತ್ರ ಪ್ರಾಕಾರದ ಪ್ರಚಾರ ಬಿಡಲಿಲ್ಲ, ವಿಷಯ ಬದಲಾಯಿತು ಅಷ್ಟೆ. ಯಾವ ಹುಡುಗಿ ಉಪವಾಸ ಎಂದರೂ ಕೈ ಹಿಡಿದು ಕೂರಿಸಿಕೊಂಡು, "ನಿಜ ಹೇಳು, ದೇವರಿಗೋ, ಭಯಕ್ಕೋ? ಭಯಕ್ಕಾದ್ರೆ ನಾಚ್ಕೋಬೇಡ, ಹಾಸನದಲ್ಲಿ ಡಾಕ್ಟ್ರಿದ್ದಾರೆ" ಎನ್ನುತ್ತಾರೆ. ಊರಿನಲ್ಲಿ ಕೆಲವು ಭಕ್ತೆಯರು ಅವರನ್ನು ಕಂಡರೆ ಪ್ರದಕ್ಷಿಣೆ ಉಲ್ಟಾ ಹಾಕುತ್ತಾರೆ. ಆದರೆ ಅರಕಲಗೂಡಿನಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಶೈಲಾ ತಾನೇ ಆ ಹುಡುಗಿಯ ಜೊತೆ ಹಾಸನಕ್ಕೆ ಹೋದಳು. ತಡವಾಗುವ ಮೊದಲೇ ಬಂದಿರಿ ಎಂದರಂತೆ ಡಾಕ್ಟರು. ಅಮ್ಮನಿಗೆ ಇನ್ನೊಂದು ಏಕಾದಶಿ ಬಿಟ್ಟರೂ ಪರವಾಗಿಲ್ಲ ಎನ್ನುವಷ್ಟು ಪುಣ್ಯ ಬಂದಂತಾಯಿತು.

ಸಣ್ಣ ದಪ್ಪ ಎನ್ನಬಾರದೆಂಬ ನಿಯಮ ನಮ್ಮ ಮನೆಯಲ್ಲಿ ಇವತ್ತಿಗೂ ಜಾರಿಯಲ್ಲಿದೆ. ಅದರಿಂದ ತೊಂದರೆಯಾಗಿರುವುದು ನನಗೊಬ್ಬನಿಗೆ. ಶುಗರ್ ಬಂದು, ಡಾಕ್ಟರ ಮಾತಿಗೆ ಕಟ್ಟುಬಿದ್ದು, ದಿನಾ ಬೆಳಿಗ್ಗೆ ಹೊಳೆಯ ತನಕ ನಡೆಯುತ್ತೇನೆ. ಮೊನ್ನೆ ಶನಿವಾರ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹಳೆಯ ಶಿಷ್ಯ, "ಏನ್ ಸಾ, ಇಳಿದ್ಬುಟ್ಟಿದ್ದೀರಿ! ಮದುವೆ ಗಂಡು ಆದಂಗೆ ಆಗ್ಬುಟ್ಟಿದ್ದೀರಿ" ಎಂದ. ಜನ್ಮದಲ್ಲಿ ಮೊದಲ ಸಲ ಕೇಳಿದ ಮಾತು. ಹೆಜ್ಜೆ ನೆಲದ ಮೇಲೆ ನಿಲ್ಲದೆ ಮನೆಗೆ ಬಂದೆ. ರತ್ನ ನೋಡಿದಳು, ಏನೂ ಅನ್ನಲಿಲ್ಲ. ಅಮ್ಮನೂ ಅನ್ನಲಿಲ್ಲ. ಕೇಳುವ ಹಾಗಿಲ್ಲ, ಹೇಳುವ ಹಾಗಿಲ್ಲ. ಕೋಣೆಗೆ ಹೋಗಿ ಕನ್ನಡಿಯ ಮುಂದೆ ಅಡ್ಡವಾಗಿ ನಿಂತು, ಉಸಿರು ಒಳಗೆಳೆದುಕೊಂಡು ನೋಡಿಕೊಳ್ಳುತ್ತಿದ್ದೆ. ಹಿಂದೆ ಬಾಗಿಲಲ್ಲಿ ಶೈಲಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅಪ್ಪ, ಹೀಗೇ ಶುರುವಾಗೋದು" ಎಂದಳು. "ಹಾಸನಕ್ಕೆ ಕರ್ಕೊಂಡು ಹೋಗ್ಲಾ, ಇಲ್ಲ ಊಟಕ್ಕೆ ಬರ್ತೀರಾ?"

ನಾನು ಉಸಿರು ಬಿಟ್ಟೆ. ಹೊಟ್ಟೆ ತನ್ನ ಜಾಗಕ್ಕೆ ಬಂತು. ಊಟಕ್ಕೆ ಹೋದೆ.