ಹದಿನಾಲ್ಕೂವರೆ ಏಟಿನ ಅಂಕಿತ

ಶುಕ್ರವಾರ ಸಂಜೆ ಐದು ಗಂಟೆ ಹತ್ತು ನಿಮಿಷ. ಐವತ್ತನಾಲ್ಕು ವರ್ಷದ ನಂಜುಂಡಾರಾಧ್ಯರು ಸಂಗೀತದ ಟೀಚರ ಮನೆಯ ಮೆಟ್ಟಿಲು ಹತ್ತಿದರು.

ಎಲೈ ವಾಗ್ದೇವಿ, ಸಪ್ತಸ್ವರಸಿಂಹಾಸನಾರೂಢೆ, ಕಲಿಯುಗದ ಈ ಕಡುಗಲಿಯ ಕಥೆಯನ್ನು ನೀನೇ ನುಡಿಸು. ಮೂವತ್ತು ವರ್ಷ ನೀರಿನ ಮೀಟರುಗಳ ಅಂಕೆಯನ್ನೋದಿಯೂ ದಣಿಯದ ದೃಷ್ಟಿಯುಳ್ಳ, ಹದಿನಾಲ್ಕು ತಿಂಗಳ ಸರಳೆವರಸೆಯಿಂದಲೇ ನೆರೆಹೊರೆಯ ಕಿಟಕಿಗಳನ್ನೆಲ್ಲ ಮುಚ್ಚಿಸಿದ ಆ ಮಹಾಬಾಹುಗಳು, ಭಾನುವಾರ ತರಗತಿಯ ವಾರ್ಷಿಕೋತ್ಸವದಲ್ಲಿ ಸ್ವಂತ ಕೀರ್ತನೆಯನ್ನು ಹಾಡಿಸುವೆನೆಂದು ಪ್ರತಿಜ್ಞೆಗೈದಿದ್ದರು.

ಅವರು ದಂಡೆತ್ತಿದ ಕ್ರಮ ಅಪೂರ್ವವಾಗಿತ್ತು. ಹಾಡಿನ ಕೊನೆಯಲ್ಲಿ ಬಂದು ಕಟ್ಟಿದವರ ಗುರುತು ಹೇಳುವ ಅಂಕಿತವನ್ನು ಅವರು ಎಲ್ಲಕ್ಕಿಂತ ಮೊದಲು ಸಿದ್ಧಪಡಿಸಿದ್ದರು. ಅದಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ಉಳಿದ ಹಾಡಿಗೆ ಎರಡು ಸಂಜೆ.

"ಮನೆ ಕಟ್ಟೋಕ್ ಮುಂಚೇನೇ ಗೇಟಿಗೆ ಹೆಸರು ಬರೆಸಿದ್ರಲ್ಲ," ಎಂದಿದ್ದರು ಪತ್ನಿ ಸರ್ವಮಂಗಳ.

ಈಗ ಎದುರಿಗೆ ತಾಳಖಡ್ಗಧಾರಿಣಿಯೂ ಅಪಸ್ವರಸಂಹಾರಿಣಿಯೂ ಆದ ಮೂವತ್ತೊಂದು ವರ್ಷದ ವನಮಾಲಾ ಟೀಚರು ಕುಳಿತಿದ್ದರು. ಅವರ ತೊಡೆಯ ಮೇಲೆ ಎಂಟೇಟಿನ ಆದಿತಾಳ ಬಿತ್ತು, ಆರಾಧ್ಯರು ಹಾಡತೊಡಗಿದರು. ಪಲ್ಲವಿ ತಾಳಕ್ಕೆ ಕೂತಿತು. ಚರಣವೂ ಕುಂಟುತ್ತ ಕೂತಿತು. ಆಮೇಲೆ 'ತುಮಕೂರುಪುರವಾಸಿ ಗಿರಿಜಾಪತಿಪದಕಮಲಭೃಂಗ ನಂಜುಂಡ' ಎಂಬ ಇಪ್ಪತ್ತಮೂರು ಅಕ್ಷರಗಳ ಅಕ್ಷೌಹಿಣಿ ಹೊರಟಿತು. ತಾಳದ ಎಂಟು ಏಟು ಮುಗಿದಾಗ ಭೃಂಗವಿನ್ನೂ ಕಮಲವನ್ನು ಮುಟ್ಟಿರಲಿಲ್ಲ.

"ಸಾರ್, ನಿಮ್ಮ ಹೆಸರು ಮುಗಿಯೋಕೆ ಹದಿನಾಲ್ಕೂವರೆ ಏಟು ಬೇಕು. ಇರೋದು ಎಂಟು."

ಆರಾಧ್ಯರು ಎದೆಯುಬ್ಬಿಸಿದರು. "ತಾಳ ಬೇಕಾದ್ರೆ ಬಾಗಲಿ ಮೇಡಂ, ನಾನು ಬಾಗಲ್ಲ. ನಮ್ಮ ಏಳು ತಲೆಮಾರಲ್ಲಿ ಹಾಡು ಕಟ್ಟಿದೋರಿಲ್ಲ. ನಾನು ಹೋದ್ಮೇಲೂ ನನ್ನ ಹೆಸರು ನಾಲ್ಕು ಜನರ ಬಾಯಲ್ಲಿರ್ಬೇಕು."

"ಮೊದ್ಲು ಭಾನುವಾರ ಹಾಡೋ ಏಳು ಜನರ ಬಾಯಿಗೆ ಬರ್ಲಿ ಸಾರ್. ಪಲ್ಲವಿ ಚೆನ್ನಾಗಿದೆ, ಸುಳ್ಳು ಹೇಳ್ತಿಲ್ಲ. ಹೆಸರು ಚಿಕ್ಕದು ಮಾಡಿ, ಇಲ್ಲಾಂದ್ರೆ ಹಾಡು ಬಿಡಿ."

ಕೊನೆಗೆ ಶೂರರ ಜೇಬೆಂಬ ಒರೆಯಿಂದ ಪೆನ್ಸಿಲು ಹೊರಬಂದಿತು. ಮೊದಲು ಪುರ ಬಿದ್ದಿತು. ಗಿರಿಜಾಪತಿ ಹೋದ, ಕಮಲ ಹೋಯಿತು, ಹತ್ತೊಂಬತ್ತು ದಿನಗಳಲ್ಲಿ ಆರು ದಿನ ನುಂಗಿದ್ದ ಭೃಂಗವನ್ನು ವೀರರು ಕಟ್ಟಕಡೆಗೆ ಅಳಿಸಿದರು. 'ತುಮಕೂರುವಾಸಿ ನಂಜುಂಡ' ಉಳಿಯಿತು. ಅದು ಎಂಟು ಏಟಿನೊಳಗೆ ಕೂತಿತು. ಉಸಿರೆಳೆಯಲೂ ಜಾಗವಿತ್ತು.

ಭಾನುವಾರ ಕಾರ್ಯಕ್ರಮ ಮುಕ್ಕಾಲು ಗಂಟೆ ತಡವಾಯಿತು. ಸಮಯ ಸಾಲದೆ ಏಳು ಮಂದಿ ವಿದ್ಯಾರ್ಥಿಗಳು ಆರಾಧ್ಯರ ಕೀರ್ತನೆಯ ಚರಣ, ಅಂಕಿತ ಬಿಟ್ಟು ಪಲ್ಲವಿ ಮಾತ್ರ ಹಾಡಿದರು. ಅದಕ್ಕೆ ಒಂದು ನಿಮಿಷ ನಲವತ್ತು ಸೆಕೆಂಡು ಹಿಡಿಯಿತು. ನಂತರ ಎಲ್ಲರಿಗೂ ಉಪ್ಪಿಟ್ಟು ಕೊಟ್ಟರು.