ಥರ್ಮಾಸಿನೊಳಗಿನ ಹನ್ನೊಂದು

ನನ್ನ ಭಾವನಿಗೆ ಇಬ್ಬರೇ ಮಕ್ಕಳೆಂದು ರೇಶನ್ ಕಾರ್ಡು ಹೇಳುತ್ತದೆ. ಶುದ್ಧ ಸುಳ್ಳು! ಅವರು ಕೆಲಸ ಮಾಡುವ ಬೀದರಿನ ಪಶುವೈದ್ಯ ಲ್ಯಾಬಿನ ಶಾಖಪೆಟ್ಟಿಗೆಯಲ್ಲಿ ಅವರಿಗೆ ನೂರಾರಿವೆ. ಎಲ್ಲವೂ ಆಕಳ ಅಂಡಗಳು!

ಮೈಲೂರಿನ ಮನೆಯಲ್ಲಿ ಉಣ್ಣುವಾಗಲೂ ಅದೇ ಪುರಾಣ. "ಆಕಳ ಹೊಟ್ಟ್ಯಾಗ ಅಂಡಕ್ಕ ಫಿಕರಿಲ್ಲ. ಹೊರಗ ತಂದ್ರ ಒಳಗೊಳಗ ತುಕ್ಕು ಹಿಡೀತದ. ಅದಕ್ಕ ಔಷಧ ಗ್ಲುಟಾಥಯೋನ್. ಅದನ್ನ ಅಂಡ ತಾನೇ ಮಾಡ್ಕೋಬೇಕು, ನಾವು ಸಾಮಾನು ಕೊಡಬೇಕು."

"ತುಕ್ಕು ನಿಮ್ಮ ತಲಿಗಿ ಹಿಡದದ. ಉಣ್ರಿ ಮೊದಲ," ಎನ್ನುತ್ತಾಳೆ ಅಕ್ಕ.

ಮಗಳಿಗೆ ಮೂವತ್ತೆಂಟೂವರೆ ಡಿಗ್ರಿ ಜ್ವರ ಬಂದಾಗ "ಭೇಷ್! ಅಂಡ ಬಲಿಯೋ ಶಾಖ!" ಎಂದ ಮಹಾನುಭಾವರಿವರು. ಅಕ್ಕ ಎರಡು ದಿನ ಮಾತು ಬಿಟ್ಟಳು. ಅವರಿಗದು ಗೊತ್ತೇ ಆಗಲಿಲ್ಲ!

ಕಳೆದ ತಿಂಗಳು ಠಾಣಾ ಕುಶನೂರಿಗೆ ನನ್ನನ್ನೂ ಎಳೆದೊಯ್ದರು. ಅಲ್ಲಿನ ಅಜ್ಜಿಯೊಬ್ಬಳ ದೇವಣಿ ತಳಿಯ ಆಕಳು ಮುದಿಯಾಗಿ, ಗರ್ಭ ನಿಲ್ಲುತ್ತಿರಲಿಲ್ಲ. ಅದರ ಅಂಡ ತೆಗೆದು, ಲ್ಯಾಬಿನಲ್ಲಿ ಬಲಿಸಿ, ಹೋರಿಯ ವೀರ್ಯ ಕೂಡಿಸಿ, ಬೇರೆ ಆಕಳ ಹೊಟ್ಟೆಯಲ್ಲಿ ಬೆಳೆಸಿದರಷ್ಟೇ ಆ ವಂಶ ಉಳಿಯುವುದು. ಸೂಜಿಗೆ ಸಿಕ್ಕಿದ್ದು ಹನ್ನೊಂದು. "ಇನ್ನ ಸಿಗಂಗಿಲ್ಲ," ಎಂದರು ಭಾವ. ಮುಚ್ಚಳದಲ್ಲೇ ಡಿಗ್ರಿ ತೋರಿಸುವ ಉಗುರುಬೆಚ್ಚಗಿನ ಥರ್ಮಾಸಿನಲ್ಲಿ ಅವನ್ನಿಟ್ಟು, ಎದೆಗವಚಿಕೊಂಡು ನನ್ನ ಬೈಕಿನ ಹಿಂದೆ ಕೂತರು.

"ಸಾವಕಾಶ! ಅಂಡಕ್ಕ ಧಕ್ಕಿ ಬಡೀತದ!"

"ನನಗ ಬಡಿಯಂಗಿಲ್ಲೇನ್ರಿ?"

"ನೀ ಬಲತೀದಿಯಲ್ಲ!"

ಔರಾದ್ ದಾಟಿದ ಮೇಲೆ ತಿರುವಿನಲ್ಲಿ ಸೋಯಾ ಚೀಲ ಹೇರಿದ ಲಾರಿ ಎದುರಿಗೇ ನುಗ್ಗಿತು. ಬೈಕ್ ಜಾರಿತು. ಲಾರಿಯ ಹಿಂದಿನ ಗಾಲಿ ನನ್ನ ತಲೆಯಿಂದ ಒಂದು ಗೇಣು ಆಚೆ ಹೋಯಿತು. ನಾನು ಹಲ್ಲುಜ್ಜುವಾಗ ಅದು ಈಗಲೂ ಹೋಗುತ್ತಿರುತ್ತದೆ. ತಿರುಗಿ ನೋಡಿದರೆ ಭಾವ ರಸ್ತೆಯಲ್ಲಿ ಅಂಗಾತ ಬಿದ್ದು, ಥರ್ಮಾಸನ್ನು ಎರಡೂ ಕೈಯಲ್ಲಿ ಆಕಾಶಕ್ಕೆತ್ತಿ ಹಿಡಿದಿದ್ದಾರೆ!

"ಭಾವಾ, ಆರಾಮದೀರೇನ್ರಿ?"

"ಮೂವತ್ತೆಂಟು ಡಿಗ್ರಿ ಅದ! ನಡಿ, ನಡಿ!"

ಮರುದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಣಿದರು. ಎಂಟು ಬಲಿತಿದ್ದವು! ತಕ್ಷಣ ಅಜ್ಜಿಗೆ ಫೋನ್. "ಹಾದ್ಯಾಗ ಲಾರಿ ಬಂದು ಬಿದ್ದಿವ್ರಿ ಅಮ್ಮಾ. ಆದ್ರ ಅಂಡಕ್ಕೇನೂ ಆಗಿಲ್ಲ!"

"ಅದ್ರ ಮನಿ ಹಾಳಾಗ್ಲಿ! ನಿನಗೇನಾತೋ ಯಪ್ಪಾ?"

ಭಾವ ಕುರ್ಚಿಯ ಅಂಚಿಗೆ ಕೂತರು. ನಿನ್ನೆಯಿಂದ ಅವರು ಕುರ್ಚಿಗೆ ಬೆನ್ನು ಆನಿಸಿಲ್ಲವೆಂದು ನನಗೆ ಆಗ ಹೊಳೆಯಿತು. ಮೆಲ್ಲಗೆ ಅಂಗಿ ಎತ್ತಿದೆ. ಹೆಗಲಿನಿಂದ ಸೊಂಟದವರೆಗೆ ಚರ್ಮ ಕಿತ್ತುಹೋಗಿತ್ತು.

ಅವರು ಕನ್ನಡಕ ತೆಗೆದು, ಫೋನಿಗೆ ತುಟಿ ತಾಗಿಸಿ, ಸಣ್ಣ ದನಿಯಲ್ಲಿ ಹೇಳಿದರು:

"ಭಾಳ ಉರೀಲಿಕತ್ತದ, ಅಮ್ಮಾ."