ವಿಲಾಯತಿ ಪಟ್ಟಿಯೂ ಮಾವನವರ ತಲೆಯೂ

ಆ ವಸ್ತುವಿನ ಉದ್ದ ಒಂದೂವರೆ ಗೇಣು. ಬಿಳಿ ಬಟ್ಟೆ ಹೊದಿಸಿದ ರಬ್ಬರಿನ ಪಟ್ಟಿ. ಎಳೆದರೆ ಬೆಳೆಯುತ್ತಿತ್ತು, ಬಿಟ್ಟರೆ ಗೋಣು ಒಳಗೆಳೆದುಕೊಂಡ ಆಮೆಯಂತೆ ಕುಗ್ಗುತ್ತಿತ್ತು. ಎರಡೂ ತುದಿಗೆ ಬೆಳ್ಳಿಯಂತೆ ಹೊಳೆಯುವ ಒಂದೊಂದು ಚಿಮಟಾ, ಆ ಚಿಮಟಾದ ಬಾಯಲ್ಲಿ ಸಾಲಾಗಿ ಸಣ್ಣ ಸಣ್ಣ ಹಲ್ಲು. ಇಷ್ಟು ಸಣ್ಣ ವಸ್ತುವಿನ ಹೊಟ್ಟೆಯಲ್ಲಿ ಅಷ್ಟು ದೊಡ್ಡ ಗೊಂದಲ ಕೂತಿದೆಯೆಂದು ಗಿರಣಿಯ ಗುದಾಮು ಕಾರಕೂನ ಸೋಮಪ್ಪನಿಗೆ ಯಾರೂ ಹೇಳಿರಲಿಲ್ಲ.

ಕೊಟ್ಟವಳು ಸಾಹೇಬರ ಬಂಗಲೆಯ ಆಯಾ ಚನ್ನವ್ವ. ಸಾಹೇಬರು ಹೆಂಡತಿ ಮಕ್ಕಳೊಂದಿಗೆ ವಿಲಾಯತಿಗೆ ಹೊರಟಿದ್ದರು; ಬೇಡವಾದ ಸಾಮಾನೆಲ್ಲ ಅವಳ ಪಾಲಿಗೆ ಬಂದಿತ್ತು.

"ನಿನ್ನ ಕೂಸಿಗಿ ಒಯ್ಯೋ ತಮ್ಮಾ. ಪಟ್ಟಿ ಕೊಳ್ಳಾಗ ಹಾಕೂದು, ಎರಡೂ ಚಿಮಟಾ ಚಡ್ಡಿಗಿ ಕಚ್ಚಸೂದು. ಕೂಸು ಹ್ಯಾಂಗ ಒದ್ದಾಡಿದ್ರೂ ಚಡ್ಡಿ ಬೀಳೂದಿಲ್ಲ. ಸಾಹೇಬರ ಮಡ್ಡಮ್ಮನ ಮೂರೂ ಕೂಸು ಇದರಾಗ ಬೆಳದಾವ."

ಸೋಮಪ್ಪ ನೋಡೋಣವೆಂದು ಚಿಮಟಾದ ಬಾಯಿಗೆ ಬೆರಳಿಟ್ಟ. ಅದು ಕಚ್ಚಿತು.

"ಕಿವಿ ಒತ್ತಬೇಕೋ, ಕಿವಿ!" ಎಂದು ಚನ್ನವ್ವ ಏನೋ ಮಾಡಿ ಬಿಡಿಸಿದಳು. ಅದರ ಕಿವಿ ಎಲ್ಲಿದೆ, ಹೇಗೆ ಒತ್ತಬೇಕು ಎಂಬುದನ್ನು ಅವನು ನೋಡಲಿಲ್ಲ. ಅವನ ಮನಸ್ಸು ಆಗಲೇ ತುಕ್ಕಾನಟ್ಟಿಯ ಹಾದಿ ಹಿಡಿದಿತ್ತು.

ಹೆಂಡತಿ ಕಾಶೆವ್ವ ಬಾಣಂತನಕ್ಕೆಂದು ಅಲ್ಲಿನ ತವರಿಗೆ ಹೋದವಳು, ಕೂಸಿಗೆ ಏಳು ತಿಂಗಳು ತುಂಬಿದರೂ ತಿರುಗಿ ಬಂದಿರಲಿಲ್ಲ. ಸೋಮಪ್ಪ ಎರಡು ಸಲ ಕರೆಯಲು ಹೋಗಿದ್ದ. ಮೊದಲನೆಯ ಸಲ ಮಾವ ವೀರಪ್ಪನವರು "ನೋಡೂಣು" ಎಂದಿದ್ದರು. ಎರಡನೆಯ ಸಲ ಅದನ್ನೂ ಅಂದಿರಲಿಲ್ಲ. ನಾಳೆ ಮಣ್ಣೆತ್ತಿನ ಅಮಾವಾಸ್ಯೆ. ಅದು ದಾಟಿದರೆ ಆಷಾಢ, ಆಷಾಢದಲ್ಲಿ ಮಗಳನ್ನು ಕಳಿಸುವವರು ಯಾರೂ ಇಲ್ಲ. ಕರೆತಂದರೆ ಇವತ್ತು ಕರೆತರಬೇಕು. ಇಲ್ಲದಿದ್ದರೆ ಮತ್ತೆ ಗೋಕಾಕದ ಖಾನಾವಳಿಯ ತಣ್ಣನೆ ರೊಟ್ಟಿ, ಮತ್ತೆ ತನ್ನ ಉಸಿರು ತನಗೇ ಕೇಳುವ ಖೋಲಿ.

ವೀರಪ್ಪನವರ ಮಾತೆಂದರೆ ಬೇಸಿಗೆಯ ಮಳೆ. ಒಂದು ಹನಿ ಬಿದ್ದರೆ ಊರು ಎಂಟು ದಿನ ಅದನ್ನೇ ಆಡಿಕೊಳ್ಳುತ್ತಿತ್ತು. ಹೋದ ವರ್ಷದ ಚಳಿಜ್ವರಕ್ಕಿಂತ ಮೊದಲು ಅವರು ಕಣಜದಂಥ ಆಳು. ಜ್ವರ ಬಿಟ್ಟ ಮೇಲೆ ಧೋತರ ಹಳೆಯದೇ ಉಳಿಯಿತು, ನಡು ಮಾತ್ರ ಸಣ್ಣಗಾಗಿ ಹೊಸದಾಯಿತು. ಅಂದಿನಿಂದ ಎಡಗೈ ಸದಾ ಸೊಂಟದ ಮೇಲೆ. ಊರವರು ಅದನ್ನು ಹಿರಿಯರ ಗತ್ತು ಎಂದುಕೊಂಡಿದ್ದರು.

ಸೋಮಪ್ಪ ಹೋದಾಗ ಅವರು ಹಾಗೆಯೇ ಕಟ್ಟೆಯ ಮೇಲೆ ನಿಂತಿದ್ದರು.

"ಬಂದ್ರಿ?"

"ಬಂದ್ನಿರಿ ಮಾವಾರ."

ಮುಂದೆ ಮಾತಿಲ್ಲ. ಗಿರಣಿಯ ನೂರು ಯಂತ್ರಗಳ ಸದ್ದಿನಲ್ಲಿ ನಿದ್ದೆ ಮಾಡಬಲ್ಲ ಸೋಮಪ್ಪನಿಗೆ ಈ ಒಬ್ಬ ಮನುಷ್ಯನ ಸುಮ್ಮನಿರುವಿಕೆಯನ್ನು ತಡೆಯಲು ಆಗುತ್ತಿರಲಿಲ್ಲ. ಅವರು ಸುಮ್ಮನಿದ್ದಷ್ಟೂ ತಾನೇನೋ ತಪ್ಪು ಮಾಡಿದ್ದೇನೆ ಅನ್ನಿಸುತ್ತಿತ್ತು. ಯಾವ ತಪ್ಪು ಎಂಬುದೊಂದೇ ತಿಳಿಯುತ್ತಿರಲಿಲ್ಲ.

ಒಳಗೆ ಪಟ್ಟಿಯನ್ನು ತೆಗೆದು ತೋರಿಸಿದ. ಬಾಜೂ ಮನೆಯ ಭರಮವ್ವ ವಾಸನೆ ಹಿಡಿದವಳಂತೆ ಆಗಲೇ ಬಂದು ಕೂತಿದ್ದಳು.

"ಏನರೀ ಅಳಿಯಾರ, ಕರಾ ಕಟ್ಟೂ ಹಗ್ಗೇನ?"

"ಅಲ್ಲಬೇ, ಕೂಸಿನ ಅರಿವಿ ಬೀಳದಂಗ ಎತ್ತಿ ಹಿಡ್ಯೂದು."

ಎಲ್ಲರೂ ಕೂಸಿನ ಕಡೆಗೆ ನೋಡಿದರು. ಕೂಸಿನ ಮೈಮೇಲೆ ತಲೆಗೊಂದು ಕುಲಾಯಿ, ನಡುವಿಗೊಂದು ಬೆಳ್ಳಿಯ ಉಡದಾರ. ಅವೆರಡರ ನಡುವೆ ಶಿವನು ಕೊಟ್ಟದ್ದು ಬಿಟ್ಟರೆ ಬೇರೆ ಏನೂ ಇರಲಿಲ್ಲ.

"ಹಿಡ್ಯಾಕ ಅರಿವಿ ಎಲ್ಲಿ ಐತ್ರಿ?" ಎಂದಳು ಭರಮವ್ವ.

ಅತ್ತೆ ಗೌರವ್ವ ಅಳಿಯನೆದುರು ಬರುವವಳಲ್ಲ; ಬಾಗಿಲ ಮರೆಯಿಂದಲೇ ಒಂದು ಲಂಗೋಟಿ ಎಸೆದಳು. ಕಾಶೆವ್ವ ಒಂದು ಕ್ಷಣ ಪಟ್ಟಿಯನ್ನು ತಿರುವಿ ನೋಡಿ, ಗಂಡನಿಗೆ ಬೆನ್ನು ಮಾಡಿ ಕೂತು ಕೂಸಿಗೆ ಹಾಕಿದಳು. ಅವನಿಗೆ ಕಂಡದ್ದು ಅವಳ ಬಳೆಗಳು ಮಾತ್ರ. ಕೂಸು ಬಗ್ಗಿ ಚಿಮಟಾವನ್ನೇ ಚೀಪತೊಡಗಿದ್ದರಿಂದ ಅದನ್ನು ಬಿಚ್ಚಿ ಗೋಡೆಯ ಮಾಡದಲ್ಲಿಟ್ಟರು. ಬಾಗಿಲಲ್ಲಿ ನಿಂತ ವೀರಪ್ಪನವರು ಇದೆಲ್ಲವನ್ನೂ ನೋಡಿದರು. ಏನೂ ಅನ್ನದೆ, ಸೊಂಟದ ಮೇಲೆ ಕೈಯಿಟ್ಟುಕೊಂಡು ಹೊರಗೆ ಹೋದರು.

ಊಟವಾಯಿತು. ಸೋಮಪ್ಪ ಒಂದು ಮಗ್ಗಲು ಮಲಗಿದ. ಎದ್ದು ನೋಡುತ್ತಾನೆ, ಮಾಡದಲ್ಲಿ ಪಟ್ಟಿ ಇಲ್ಲ. ಹೊರಗೆ ಬಂದರೆ ಮಾವನವರು ಕಟ್ಟೆಯ ಮೂಲೆಯಲ್ಲಿ, ಆ ಸೆಕೆಯಲ್ಲಿ, ಕಂಬಳಿ ಹೊದ್ದು ಕೂತಿದ್ದಾರೆ. ತಲೆ ಎದೆಗೆ ತಾಗುವಷ್ಟು ತಗ್ಗಿದೆ.

"ಚಹಾ ತರ್ಲೇನ್ರಿ?" ಎಂದು ಗೌರವ್ವ ಕೇಳಿದಳು. ತಲೆ ಏಳಲಿಲ್ಲ.

"ಮೈಯಾಗ ಆರಾಮ ಐತಿಲ್ರಿ ಮಾವಾರ?" ಎಂದು ಸೋಮಪ್ಪ ಕೇಳಿದ. ತಲೆ ತುಸು ಎದ್ದಿತು, ಮುಖ ಕಿವುಚಿತು, ತಲೆ ಮತ್ತೆ ಕೆಳಗೆ ಹೋಯಿತು.

ಸೋಮಪ್ಪನ ಎದೆಯೂ ಅದರ ಜೊತೆಗೇ ಕೆಳಗೆ ಹೋಯಿತು.

ಅಷ್ಟರಲ್ಲಿ ಕೆಂಚಪ್ಪ ಬಂದ. ಓಣಿಯ ಹಿರಿಯ, ಎರಡು ಸಲ ಬೆಳಗಾವಿಯ ಕೋರ್ಟಿನ ಕಟ್ಟೆ ಹತ್ತಿ ಬಂದವನಾದ್ದರಿಂದ ಯಾವ ವಿಷಯದಲ್ಲೂ ತೀರ್ಪು ಹೇಳದೆ ಮನೆಗೆ ಹೋಗುತ್ತಿರಲಿಲ್ಲ. ಭರಮವ್ವನಿಂದ ಸಂಗತಿ ಕೇಳಿಕೊಂಡು, ಮೀಸೆ ಸವರಿ, ಸೋಮಪ್ಪನನ್ನು ಬೇವಿನ ಗಿಡದ ಕೆಳಗೆ ಕರೆದ.

"ಅಳಿಯಾರ, ತೊಟ್ಟಿಲದಾಗ ಹಾಕಿದಾಗ ಕೂಸಿಗಿ ಬೆಳ್ಳಿ ಉಡದಾರ ಮಾಡಿಸಿ ಹಾಕಿದವ್ರು ಯಾರು?"

"ಮಾವಾರ್ರಿ."

"ಉಡದಾರ ಇರೂದು ಯಾತಕ್ಕ?"

"ಲಂಗೋಟಿ ಬೀಳದಂಗ..." ಎಂದ ಸೋಮಪ್ಪನ ಬಾಯಿ ಹಾಗೆಯೇ ತೆರೆದು ನಿಂತಿತು.

"ಹಾಂ! ನೀವು ಮ್ಯಾಲ ಇನ್ನೊಂದು ತಂದ್ರಿ. ಅಂದ್ರ ಏನಾತು? ಅಜ್ಜ ಹಾಕಿದ ಉಡದಾರ ಲಂಗೋಟಿ ತಡ್ಯಾಂಗಿಲ್ಲ ಅಂದಂಗಾತು. ಅದೂ ರಬ್ಬರದ್ದು! ಬೆಳ್ಳಿಗಿ ರಬ್ಬರ ಸಮ ಮಾಡಿದ್ರಿ. ನಾ ಆಗಿದ್ರ ನಿಮ್ಮ ಕೈಯಾಗ ನೀರೂ ಕುಡೀತಿದ್ದಿಲ್ಲ."

"ಸಿಟ್ಟಿಗಿ ಅದನ್ನ ತಿಪ್ಪಿಗಿ ಒಗದಿರಬೇಕು," ಎಂದು ಭರಮವ್ವ ಸೇರಿಸಿದಳು. "ಹಿರ್ಯಾನ ಮನಸಿಗಿ ಭಾಳ ಹತ್ತಿದಂಗೈತಿ ನೋಡ್ರಿ. ಗೋಣ ಎತ್ತವಲ್ಲ."

ಸೋಮಪ್ಪನಿಗೆ ಬೆಳಗಿನಿಂದ ಹುಡುಕುತ್ತಿದ್ದ ತಪ್ಪು ಸಿಕ್ಕಿತು. ಸಿಕ್ಕದ್ದಕ್ಕೆ ಅರೆಗಳಿಗೆ ಸಮಾಧಾನವೂ ಆಯಿತು. ಹೋಗಿ ಕಟ್ಟೆಯ ಕೆಳಗೆ ಕೈ ಮುಗಿದು ನಿಂತ. ಹಾದಿಯಲ್ಲಿ ಹೋಗುತ್ತಿದ್ದ ಇನ್ನಿಬ್ಬರು ಸುಮ್ಮನೆ ಬಂದು ನಿಂತರು.

"ಮಾವಾರ, ತಪ್ಪಾತ್ರಿ. ಉಡದಾರ ಭಾಳ ಗಟ್ಟಿ ಐತ್ರಿ."

ಕಂಬಳಿಯೊಳಗಿನಿಂದ ಸಣ್ಣಗೆ ನರಳಿದಂತೆ ಸದ್ದು ಬಂತು.

"ಬರೇ ಬಾಯಿ ಮಾತಿಗಿ ಹೋಗೂ ಸಿಟ್ಟಲ್ಲ ಅದು," ಎಂದು ಕೆಂಚಪ್ಪ ಕಿವಿಯಲ್ಲಿ ಉಸುರಿದ. "ಕೂಸು ಅವರಿಗೆ ಜೀವ ಐತಿ. ಇನ್ನಷ್ಟು ದಿನ ಇಲ್ಲೇ ಬಿಡತೇನಿ ಅನ್ರಿ, ಗೋಣ ತಾನ ಏಳತೈತಿ. ಗೋಣ ಎದ್ದ ಮ್ಯಾಲ ಅವರ ನಿಮಗ ಕರಕೊಂಡ ಹೋಗ್ರಿ ಅಂತಾರ."

ಸೋಮಪ್ಪನಿಗೆ ಇದರ ತಲೆ ಬುಡ ಸರಿಯಾಗಿ ತಿಳಿಯಲಿಲ್ಲ. ಆದರೆ ಎದುರಿಗೆ ಆ ಮೌನ ಇತ್ತು. ಅದರೊಳಗೆ ಏನಾದರೂ ತುಂಬಲೇಬೇಕಾಗಿತ್ತು.

"ಬೇಕಾದ್ರ ಆಷಾಢ ಇಲ್ಲೇ ಕಳೀಲಿರಿ. ಪಂಚಮಿ ಮುಗಿಸೇ ಕರಕೊಂಡ ಹೋಗತೇನಿ."

ವೀರಪ್ಪನವರ ತಲೆ ನಾಲ್ಕು ಬೆರಳು ಎದ್ದಿತು. "ಅದೂ..." ಎಂದರು. ಹಿಂದೆಯೇ ತುಟಿ ಕಚ್ಚಿಕೊಂಡರು. ತಲೆ ಮತ್ತೆ ತಗ್ಗಿತು.

"ಸಾಲಂಗಿಲ್ಲ ಅಂತಾರ," ಎಂದ ಕೆಂಚಪ್ಪ.

"ದಸರಾ ತನಕರಿ!"

ಮಾವನವರು ಕಂಬಳಿಯೊಳಗೆ ಹೊಟ್ಟೆ ಹಿಡಿದುಕೊಂಡರು. ಕಣ್ಣಲ್ಲಿ ನೀರು ಬಂತು.

"ನೋಡವ್ವಾ ಸಂಕಟ!" ಎಂದು ಭರಮವ್ವ ಸೆರಗಿನಿಂದ ತನ್ನ ಕಣ್ಣನ್ನೇ ಒರೆಸಿಕೊಂಡಳು.

ಸೋಮಪ್ಪ ಕಟ್ಟೆಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದ. "ದೀಪಾವಳಿ! ಪಾಡ್ಯಾ ಮುಗದ ಮ್ಯಾಲ ಕರಕೊಂಡ ಹೋಗತೇನ್ರಿ ಮಾವಾರ, ಬಸವಣ್ಣನ ಆಣಿ!"

ವೀರಪ್ಪನವರು ಕೂಗುವವರಂತೆ ಗೋಣನ್ನು ಒಮ್ಮೆಲೇ ಮೇಲೆತ್ತಿದರು. ಬಾಯಿ ತೆರೆಯಿತು. ಆದರೆ ಅವರ ತಲೆಯನ್ನು ಯಾರೋ ಹಗ್ಗ ಹಾಕಿ ಜಗ್ಗಿದಂತೆ, ಎದ್ದದ್ದಕ್ಕಿಂತ ಜೋರಾಗಿ ಅದು ಎದೆಯ ಮೇಲೆ ಬಂದು ಬಿತ್ತು.

"ಒಪ್ಪಿದ್ರು!" ಎಂದು ಕೆಂಚಪ್ಪ ತೊಡೆ ತಟ್ಟಿದ. "ಎಷ್ಟ ದೊಡ್ಡದಾಗಿ ಗೋಣ ಹಾಕಿದ್ರು ನೋಡ್ರಿ! ಐದು ಮಂದ್ಯಾಗ ಮಾತಾತು. ಗೌರವ್ವಾ, ಸಕ್ಕರಿ ತಗೊಂಬಾ!"

ಬಾಗಿಲ ಸಂದಿಯಿಂದ ಸಕ್ಕರೆಯ ವಾಟಿ ಹೊರಗೆ ಬಂತು. ಎಲ್ಲರ ಬಾಯಿಗೂ ಒಂದೊಂದು ಚಿಟಿಕೆ ಬಿತ್ತು. ಸೋಮಪ್ಪನೂ ತಿಂದ. ಏನು ತಿಂದೆನೆಂದು ನಾಲಿಗೆಗೆ ತಿಳಿಯಲಿಲ್ಲ.

ಸಕ್ಕರೆ ಹಂಚುವ ಸದ್ದು ಕೇಳಿ ಕಾಶೆವ್ವ ಹೊರಗೆ ಬಂದಳು. ಒಂದು ಬಗಲಲ್ಲಿ ಕೂಸು, ಇನ್ನೊಂದು ಬಗಲಲ್ಲಿ ಬಟ್ಟೆಯ ಗಂಟು. ಹೊಸ ಸೀರೆ ಉಟ್ಟಿದ್ದಳು. "ಅಪ್ಪ ಹೂಂ ಅಂದ್ನಲ್ಲ? ಹೊಂಡೂಣರಿ?" ಎಂದು ಗಂಡನ ಮುಖ ನೋಡಿದಳು.

ಅಷ್ಟರಲ್ಲೇ ಓಣಿಯಲ್ಲಿ ಗೆಜ್ಜೆಯ ಸದ್ದಾಯಿತು. ಮಸಗುಪ್ಪಿಯ ಮಾಳಪ್ಪ ತನ್ನ ಜೋಡೆತ್ತಿನ ಗಾಡಿಯನ್ನು ಕಟ್ಟೆಯ ಮುಂದೆ ತಂದು ನಿಲ್ಲಿಸಿದ. ಗಾಡಿಯಲ್ಲಿ ಮೆತ್ತಗೆ ಹುಲ್ಲು, ಹುಲ್ಲಿನ ಮೇಲೆ ಕೌದಿ.

"ತಡಾ ಆತೇನ್ರಿ ಯಜಮಾನ್ರ? ಅಮಾಸಿ ಹಿಡ್ಯೂದ್ರಾಗ ಮಗಳನ್ನ, ಮೊಮ್ಮಗನ್ನ ಗೋಕಾಕಿಗಿ ಮುಟ್ಟಸಬೇಕು ಅಂತ ನಿನ್ನೇನ ಹೇಳಿ ಕಳಿಸಿದ್ರೆಲ್ಲ."

ಸಕ್ಕರೆ ಎಲ್ಲರ ಬಾಯಲ್ಲಿ ಹಾಗೆಯೇ ಕರಗುತ್ತಿತ್ತು.

ಕಾಶೆವ್ವ ಕೂಸನ್ನು ಕಟ್ಟೆಯ ಮೇಲೆ ಇಳಿಸಿದಳು. ಅದು ಅಂಬೆಗಾಲಿಡುತ್ತ ಅಜ್ಜನ ಬಳಿಗೆ ಹೋಗಿ ಎರಡೂ ಕೈಯಿಂದ ಕಂಬಳಿಯನ್ನು ಹಿಡಿದು ಎಳೆಯಿತು. ಕಂಬಳಿ ಜಾರಿತು. ವೀರಪ್ಪನವರ ಅಂಗಿಯ ಕೊರಳೊಳಗೆ ಬಿಳಿಯ ಪಟ್ಟಿ ವೀಣೆಯ ತಂತಿಯಂತೆ ಬಿಗಿದು ನಿಂತಿತ್ತು. ಅಂಗಿಯ ಕೆಳಗೆ ಎರಡು ಚಿಮಟಾ ಧೋತರದ ನೆರಿಗೆಯನ್ನು ಕಚ್ಚಿ ಹಿಡಿದಿದ್ದವು. ಒಂದು ಚಿಮಟಾ ಧೋತರದ ಜೊತೆಗೆ ಹೊಟ್ಟೆಯ ಚರ್ಮವನ್ನೂ ಹಿಡಿದಿತ್ತು. ಕೂಸಿನ ಅಳತೆಯ ಪಟ್ಟಿ ಅಜ್ಜನ ಕೊರಳನ್ನು ನಡುವಿಗೆ ಕಟ್ಟಿಹಾಕಿತ್ತು.

ವೀರಪ್ಪನವರು ಉಸಿರು ಹಿಡಿದುಕೊಂಡೇ ಪಿಸುಗುಟ್ಟಿದರು: "ಕಾಶೆವ್ವಾ, ಇದರದು ಬಾಯಿ ತಗ್ಯೂದು ಹ್ಯಾಂಗ ಬೇ?"

ಅವಳು ಅಪ್ಪನಿಗೆ ಅಡ್ಡವಾಗಿ ಬಗ್ಗಿದಳು. ಬಳೆ ಸದ್ದು ಮಾಡಿದವು. ಚಟ್ ಎಂದು ಪಟ್ಟಿ ಹಾರಿ ಕೆಂಚಪ್ಪನ ಮೀಸೆಗೆ ಬಡಿದು ನೆಲಕ್ಕೆ ಬಿತ್ತು. ವೀರಪ್ಪನವರ ತಲೆ ಮೂರು ತಾಸಿನ ಮೇಲೆ ತನ್ನ ಸ್ಥಾನಕ್ಕೆ ಹೋಯಿತು. ಎಡಗೈ ಸೊಂಟಕ್ಕೆ ಹೋಯಿತು.

"ಅಂದ್ರ... ನಿಮಗ ಸಿಟ್ಟ ಬಂದಿದ್ದಿಲ್ಲೇನ್ರಿ ಮಾವಾರ?" ಎಂದ ಸೋಮಪ್ಪ.

"ಯಾತಕ್ಕ?"

ಸೋಮಪ್ಪನ ಮುಖಕ್ಕೆ ರಕ್ತ ಮರಳಿತು. "ಹಂಗಾರ ಗಾಡಿ ಹೆಂಗೂ ಬಂದೈತಿ..."

"ಬಸವಣ್ಣನ ಆಣಿ ಆಗೈತಿ," ಎಂದ ಕೆಂಚಪ್ಪ ಮೀಸೆ ತಿಕ್ಕಿಕೊಳ್ಳುತ್ತ. "ಸಕ್ಕರಿ ಹೊಟ್ಯಾಗ ಹೋಗೈತಿ."

ಎಲ್ಲರೂ ವೀರಪ್ಪನವರ ಮುಖ ನೋಡಿದರು. ಅವರು ಗಾಡಿಯನ್ನು ನೋಡಿದರು, ಮಗಳ ಬಗಲಿನ ಗಂಟು ನೋಡಿದರು. ಆಮೇಲೆ, ತಮ್ಮ ಜೀವಮಾನದಲ್ಲಿಯೇ ಒಂದೇ ಉಸಿರಿಗೆ ಅಷ್ಟು ಉದ್ದದ ಮಾತಾಡಿದರು:

"ನಾ ಕಳಸಾವ ಇದ್ನಿ, ಅಳಿಯಾರ. ಕುಂತಲ್ಲಿಂದ ಬ್ಯಾಡ ಬ್ಯಾಡ ಅಂತ ಒದರಾವ ಇದ್ನಿ, ಈ ಪಟ್ಟಿ ಬಿಡ್ಲಿಲ್ಲ. ಆದ್ರ ನೀವು ಐದು ಮಂದಿ ಮುಂದ ಆಣಿ ಮಾಡಿ ದೀಪಾವಳಿ ಮಟಾ ಹೆಂಡ್ತಿ ಬ್ಯಾಡ ಅಂದ್ರಿ. ಬ್ಯಾಡ ಅಂದಾವ್ರ ಮನಿಗಿ ಮಗಳನ್ನ ಹ್ಯಾಂಗ ಕಳಸೂದ್ರಿ?"

ಮಾತು ಮುಗಿಯಿತು. ದೀಪಾವಳಿಯ ತನಕ ಸಾಕಾಗುವಷ್ಟು ಮುಗಿಯಿತು.

ತಂದ ಗಾಡಿ ಬರಿದೇ ಹೋಗಬಾರದೆಂದು ಸೋಮಪ್ಪನನ್ನೇ ಕೌದಿಯ ಮೇಲೆ ಕೂಡಿಸಿದರು. ಕಾಶೆವ್ವ ಬುತ್ತಿ ತಂದು ಅವನ ತೊಡೆಯ ಮೇಲೆ ಇಟ್ಟಳು. ಸಿಟ್ಟಿಗೋ ಅವಸರಕ್ಕೋ ಅರಿವೆಗೆ ಗಂಟು ಹಾಕಿರಲಿಲ್ಲ. ಪಟ್ಟಿಯನ್ನೇ ಸುತ್ತಿ ಎರಡೂ ಚಿಮಟಾ ಬಿಗಿದಿದ್ದಳು.

"ಅಪ್ಪ ಇದನ್ನ ಮನ್ಯಾಗ ಇಡಬ್ಯಾಡ ಅಂದಾನ, ಒಯ್ರಿ. ಇದು ಕೂಸಿಗೂ ಅಲ್ಲ, ಅಪ್ಪಗೂ ಅಲ್ಲ. ನಿಮ್ಮ ಬಾಯಿಗಿ ಹಾಕಿದ್ರ ಇಷ್ಟೊತ್ತಿಗಿ ನಾ ಗಾಡ್ಯಾಗ ಕುಂತಿರತಿದ್ನಿ." ಕಣ್ಣು ತುಂಬಿದವು, ಸೆರಗು ಮುಖಕ್ಕೆ ಹಿಡಿದು ಒಳಗೆ ಹೋದಳು.

ಊರ ಹೊರಗಿನ ಹಳ್ಳ ದಾಟುವಾಗ ಸೋಮಪ್ಪನಿಗೆ ಹಸಿವಾಯಿತು. ಅರಿವೆಯ ಒಳಗಿಂದ ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು. ಚಿಮಟಾವನ್ನು ಜಗ್ಗಿದ, ಬಿಡಲಿಲ್ಲ. ತಿರುವಿದ, ಬೆರಳು ಕಚ್ಚಿತು. ಕಿವಿ ಒತ್ತಬೇಕೆಂದು ಚನ್ನವ್ವ ಹೇಳಿದ್ದು ನೆನಪಾಯಿತು, ಆದರೆ ಅದರ ಮೈಯೆಲ್ಲ ಕಿವಿಯಂತೆಯೇ ಕಂಡಿತು. ಕೊನೆಗೆ ಬುತ್ತಿಯನ್ನು ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಹಲ್ಲಿನಿಂದ ಕಚ್ಚಿ ಎಳೆಯತೊಡಗಿದ.

ಎದುರಿಗೆ ಬರುತ್ತಿದ್ದ ಗಾಡಿಯವನೊಬ್ಬ ಎತ್ತು ನಿಲ್ಲಿಸಿದ. "ಯಾಕೋ ಮಾಳಪ್ಪಾ, ಆ ಮನಶ್ಯಾ ಹಂಗ್ಯಾಕ ಗೋಣ ಹಾಕ್ಕೊಂಡು ಕುಂತಾನು?"

ಮಾಳಪ್ಪ ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದ.

"ಮಾತಾಡಸಬ್ಯಾಡ ಮಾರಾಯಾ. ಮಾವನ ಮ್ಯಾಲ ಭಾಳ ಸಿಟ್ಟಾಗ್ಯಾರು."